ಬದಲಾಗದ ಲೆಕ್ಕವೂ ಸರಿಯಾದ ತೂಕವೂ

ಬೆಳೆಯನ್ನು ಬೆಳೆಯುವುದಕ್ಕಿಂತ ಬೆಳೆದುದನ್ನು ಮಾರುವುದೇ ಕಷ್ಟವೆಂಬ ಮಾತು ನಮ್ಮ ರೈತರಲ್ಲಿ ಬಹುಕಾಲದಿಂದ ಇದೆ. ಹೊಲದಲ್ಲಿ ಮಳೆಯಿಂದಲೂ ಹುಳುವಿನಿಂದಲೂ ಆಗುವ ನಷ್ಟವು ಕಣ್ಣಿಗೆ ಕಾಣುವುದು. ಮಾರುಕಟ್ಟೆಯಲ್ಲಿ ತೂಕ, ದರ್ಜೆ, ಕಡಿತ, ವಾಯಿದೆ ಎಂಬ ನಾಲ್ಕು ಬಾಗಿಲುಗಳಿಂದ ಹೊರಟುಹೋಗುವುದು ಕಾಣುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಈ ನಾಲ್ಕಕ್ಕೂ ಒಂದೇ ಪರಿಹಾರವೆಂದು ಬ್ಲಾಕ್‌ಚೈನ್ ಎಂಬ ಹೊಸ ಲೆಕ್ಕದ ಪದ್ಧತಿಯನ್ನೂ, ಅದರ ಮೇಲೆ ಕಟ್ಟಲ್ಪಡುವ ಸ್ಮಾರ್ಟ್ ಕಾಂಟ್ರ್ಯಾಕ್ಟ್, ಎಂದರೆ ತಾನಾಗಿ ನಡೆಯುವ ಕರಾರನ್ನೂ ಅನೇಕರು ಶಿಫಾರಸು ಮಾಡುತ್ತಿದ್ದಾರೆ. ಈ ಸಾಧನವು ನಮ್ಮ ಬಯಲುಸೀಮೆಯ ರೈತನಿಗೆ ಎಷ್ಟರಮಟ್ಟಿಗೆ ಒದಗುವುದು, ಒದಗಬೇಕಾದರೆ ಮೊದಲು ಏನಾಗಬೇಕು ಎಂಬ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ವಾಚಕರ ಮುಂದಿಡುತ್ತೇನೆ.

ಒಂದು ಊರನ್ನು ಹಿಡಿದು ಹೇಳಿದರೆ ವಿಷಯವು ಸ್ಪಷ್ಟವಾಗುವುದು. ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿಗೆ ಸೇರಿದ ಯಲ್ಲದಕೆರೆಯಲ್ಲಿ ಒಬ್ಬ ರೈತನು ಈರುಳ್ಳಿಯನ್ನು ಬೆಳೆದಿದ್ದಾನೆಂದು ಇಟ್ಟುಕೊಳ್ಳೋಣ. ಈರುಳ್ಳಿಯ ಬೆಳೆಗೆ ಈ ಜಿಲ್ಲೆಯು ಹೆಸರಾದುದಷ್ಟೆ. ಅವನು ೫೦ ಕಿಲೋಗ್ರಾಮಿನ ೧೦೦ ಚೀಲಗಳನ್ನು ತುಂಬಿಸಿ, ಹಿರಿಯೂರಿನಿಂದ ಸುಮಾರು ೧೬೦ ಕಿಲೋಮೀಟರು ದೂರದ ಬೆಂಗಳೂರಿಗೆ ಲಾರಿಯಲ್ಲಿ ಕಳುಹಿಸುತ್ತಾನೆ. ಒಟ್ಟು ತೂಕ ೫೦ ಕ್ವಿಂಟಾಲು. ಮಂಡಿಯಲ್ಲಿ ಚೀಲಕ್ಕೆ ೨ ಕಿಲೋಗ್ರಾಮಿನಂತೆ ಸೂಟು ಎಂದು ಮುರಿದುಕೊಂಡರೆ ೨ ಕ್ವಿಂಟಾಲು ಕಾಣೆಯಾಗುವುದು. ಕ್ವಿಂಟಾಲಿಗೆ ೧,೫೦೦ ರೂಪಾಯಿ ಬೆಲೆಯೆಂದು ಎಣಿಸಿದರೆ ಇದೊಂದರಿಂದಲೇ ೩,೦೦೦ ರೂಪಾಯಿ ಹೋಯಿತು. ಆಮೇಲೆ ದರ್ಜೆಯ ಮಾತು: ದಪ್ಪ ಗಡ್ಡೆಯನ್ನು ಮಧ್ಯಮವೆಂದರೆ ಬೆಲೆ ಇಳಿಯುವುದು. ಮಾರುವವನಿಂದ ಕಮಿಷನ್ ತೆಗೆದುಕೊಳ್ಳಕೂಡದೆಂಬ ನಿಯಮವಿದ್ದರೂ ಅದನ್ನು ಮುರಿದುಕೊಂಡು ಬಿಳಿ ಚೀಟಿಯಲ್ಲಿ ಲೆಕ್ಕ ಬರೆದು ಕೊಡುವುದುಂಟು. ಉಳಿದ ಹಣಕ್ಕೆ ‘ಮುಂದಿನ ವಾರ ಬಾ’ ಎಂಬ ಉತ್ತರ ಬರುವುದೂ ಉಂಟು. ಬಿಳಿ ಚೀಟಿಯನ್ನು ಹಿಡಿದು ಯಾವ ಕಚೇರಿಗೆ ಹೋದರೂ ಅದು ಸಾಕ್ಷ್ಯವಾಗಿ ನಿಲ್ಲುವುದು ಕಷ್ಟ.

ಈ ದೂರುಗಳು ಹೊಸವಲ್ಲ. ೧೯೨೮ರಲ್ಲಿ ವರದಿಯನ್ನೊಪ್ಪಿಸಿದ ವ್ಯವಸಾಯದ ರಾಯಲ್ ಕಮಿಷನ್ನಿನವರು ತಕ್ಕಡಿಯ ಮೋಸವನ್ನೂ, ಮನಬಂದಂತೆ ಮುರಿದುಕೊಳ್ಳುವ ವಾಡಿಕೆಯನ್ನೂ, ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುವ ಪದ್ಧತಿಯನ್ನೂ ಹೆಸರಿಸಿ, ನಿಯಂತ್ರಿತ ಮಾರುಕಟ್ಟೆಗಳು ಬೇಕೆಂದು ಹೇಳಿದ್ದರು. ಮೈಸೂರು ಸಂಸ್ಥಾನದಲ್ಲಿ ೧೯೩೯ರಲ್ಲಿ ಇದಕ್ಕಾಗಿ ಕಾನೂನಾಯಿತು. ಏಕೀಕರಣದ ಮೇಲೆ ೧೯೬೬ರ ಶಾಸನವು ಬಂದು ಇಂದಿನ ಮಾರುಕಟ್ಟೆ ಸಮಿತಿಗಳಿಗೆ ಆಧಾರವಾಯಿತು. ೨೦೧೪ರಲ್ಲಿ ನಮ್ಮ ರಾಜ್ಯವು ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿ, ಪ್ರತಿ ರಾಶಿಗೂ ಒಂದು ಸಂಖ್ಯೆ ಕೊಟ್ಟು, ವರ್ತಕರು ಕಂಪ್ಯೂಟರಿನ ಮೂಲಕ ಟೆಂಡರು ಹಾಕುವ ಏರ್ಪಾಡನ್ನು ಮಾಡಿತು. ಬಟ್ಟೆಯ ಮರೆ ಹೋಗಿ ಬೆಲೆಯು ಪರದೆಯ ಮೇಲೆ ಬಂದುದು ಸಣ್ಣ ಲಾಭವಲ್ಲ. ೨೦೧೬ರ ಏಪ್ರಿಲ್ ೧೪ರಂದು ಇದೇ ಮಾದರಿಯ ರಾಷ್ಟ್ರೀಯ ಮಾರುಕಟ್ಟೆಯು, ಎಂದರೆ ಈ-ನಾಮ್, ಪ್ರಾರಂಭವಾಯಿತು. ಬ್ಲಾಕ್‌ಚೈನನ್ನು ಈ ದೀರ್ಘ ಪ್ರಯತ್ನದ ಮುಂದಿನ ಮೆಟ್ಟಿಲೆಂದು ತಿಳಿಯುವುದು ಸರಿ. ಹಿಂದಿನ ಮೆಟ್ಟಿಲುಗಳನ್ನು ಬಿಟ್ಟು ಅದರ ಮೇಲೆ ಹಾರಿ ನಿಲ್ಲಲು ಆಗದು.

ಇನ್ನು ಈ ಪದ್ಧತಿ ಎಂತಹುದೆಂಬುದನ್ನು ನೋಡೋಣ. ಅಂಗಡಿಯ ಖಾತೆ ಪುಸ್ತಕವು ಒಬ್ಬನ ಕೈಯಲ್ಲಿರುವುದು. ರಾತ್ರಿ ಅದರ ಒಂದು ಹಾಳೆಯನ್ನು ಕಿತ್ತು ಬೇರೊಂದನ್ನು ಹೊಲಿದರೆ ಬೆಳಗ್ಗೆ ಕಂಡುಹಿಡಿಯುವವರಿಲ್ಲ. ಅದೇ ಪುಸ್ತಕದ ಒಂದೊಂದು ಪ್ರತಿಯು ರೈತರ ಸಂಘದಲ್ಲಿಯೂ ಮಂಡಿಯಲ್ಲಿಯೂ ವರ್ತಕನಲ್ಲಿಯೂ ಬ್ಯಾಂಕಿನಲ್ಲಿಯೂ ಇದ್ದು, ಎಲ್ಲವೂ ಏಕಕಾಲದಲ್ಲಿ ಬರೆಯಲ್ಪಡುತ್ತವೆಯೆಂದು ಭಾವಿಸಿರಿ. ಇದಲ್ಲದೆ ಪ್ರತಿ ಹಾಳೆಯ ತಲೆಯಲ್ಲಿ ಹಿಂದಿನ ಹಾಳೆಯ ಬರಹದಿಂದ ಗಣಿತದ ಮೂಲಕ ಹುಟ್ಟಿದ ಒಂದು ಗುರುತು ಇರುವುದು. ಇದನ್ನು ಹ್ಯಾಷ್ ಎಂದು ಕರೆಯುತ್ತಾರೆ. ಹಳೆಯ ಹಾಳೆಯಲ್ಲಿ ಒಂದೇ ಅಂಕಿಯನ್ನು ತಿದ್ದಿದರೂ ಮುಂದಿನ ಗುರುತುಗಳೆಲ್ಲವೂ ಹೊಂದದೆ ಹೋಗುವುವು. ಹೀಗೆ ಹಾಳೆಗೆ ಹಾಳೆ ಸರಪಳಿಯಂತೆ ಕಟ್ಟಲ್ಪಟ್ಟಿರುವುದರಿಂದ ಇದಕ್ಕೆ ಈ ಹೆಸರು. ಸತೋಶಿ ನಕಾಮೊಟೊ ಎಂಬ ಹೆಸರಿನಿಂದ ೨೦೦೮ರಲ್ಲಿ ಪ್ರಕಟವಾದ ಲೇಖನದಿಂದ ಇದು ಪ್ರಸಿದ್ಧಿಗೆ ಬಂದಿತು. ೨೦೦೯ರ ಜನವರಿಯಲ್ಲಿ ಬಿಟ್‌ಕಾಯಿನ್ ಎಂಬ ನಾಣ್ಯದ ಲೆಕ್ಕವಾಗಿ ಬಳಕೆಗೆ ಬಂದಿತು.

ತಾನಾಗಿ ನಡೆಯುವ ಕರಾರಿನ ಕಲ್ಪನೆಯು ಇದಕ್ಕಿಂತಲೂ ಹಳೆಯದು. ೧೯೯೦ರ ದಶಕದಲ್ಲಿ ನಿಕ್ ಸಾಬೋ ಎಂಬ ಅಮೆರಿಕದ ವಿದ್ವಾಂಸರು, ನಾಣ್ಯ ಹಾಕಿದೊಡನೆ ಪದಾರ್ಥವನ್ನು ಹೊರಕ್ಕೆ ಕೊಡುವ ಮಾರಾಟದ ಯಂತ್ರವನ್ನು ಇದಕ್ಕೆ ಉದಾಹರಣೆಯಾಗಿ ಕೊಟ್ಟರು. ೨೦೧೫ರಲ್ಲಿ ಪ್ರಾರಂಭವಾದ ಎಥಿರಿಯಮ್ ಎಂಬ ಜಾಲದಲ್ಲಿ ಇಂತಹ ಕರಾರುಗಳನ್ನು ಬರೆದು ನಡೆಸುವುದು ಸಾಧ್ಯವಾಯಿತು. ಹೆಸರಿನಲ್ಲಿಯೇ ಕೆರೆಯುಳ್ಳ ಊರಿನವರಿಗೆ ಇದನ್ನು ತೂಬಿನ ಮಾತಿನಿಂದ ತಿಳಿಸಬಹುದು. ನೀರು ಗುರುತಿನ ಕಲ್ಲನ್ನು ಮುಟ್ಟಿದೊಡನೆ ತೂಬು ತಾನಾಗಿ ತೆರೆಯುವಂತೆ ಯಂತ್ರವನ್ನು ಮಾಡಿಟ್ಟರೆ ಹೇಗೋ ಹಾಗೆ, ಬರೆದಿಟ್ಟ ಷರತ್ತು ಪೂರೈಸಿದೊಡನೆ ಹಣವು ತಾನಾಗಿ ಹೊರಡುವುದು. ನೀರಗಂಟಿಯ ದಾಕ್ಷಿಣ್ಯವೂ ಬೇಡ, ಅವನ ಮುನಿಸೂ ಇಲ್ಲ.

ಯಲ್ಲದಕೆರೆಯ ಈರುಳ್ಳಿಗೆ ಇಂತಹ ಕರಾರನ್ನು ಕಟ್ಟಿದರೆ ಅದು ಹೀಗೆ ನಡೆಯುವುದು. ಕೊಳ್ಳುವವನು ದರ್ಜೆವಾರು ಬೆಲೆಯನ್ನೂ, ತೂಕದ ಸ್ಥಳವನ್ನೂ, ಕಡಿತಗಳ ಪಟ್ಟಿಯನ್ನೂ ಮುಂಚೆಯೇ ಬರೆದು ಒಪ್ಪಿ, ಹಣವನ್ನು ಬ್ಯಾಂಕಿನಲ್ಲಿ ಮೀಸಲು ಖಾತೆಯಲ್ಲಿಡುತ್ತಾನೆ. ರಾಶಿಗೆ ಸಂಖ್ಯೆ ಬೀಳುವುದು. ಊರಿನಲ್ಲಿ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ತೂಗಿದ ಅಂಕಿಯು ನೇರವಾಗಿ ಲೆಕ್ಕಕ್ಕೆ ಸೇರುವುದು. ಲಾರಿ ಹೊರಟ ಹೊತ್ತು, ತಲಪಿದ ಹೊತ್ತು, ಅಲ್ಲಿ ಮತ್ತೆ ತೂಗಿದ ತೂಕ, ಇವೆಲ್ಲವೂ ಒಂದರ ಕೆಳಗೊಂದು ಬರೆಯಲ್ಪಡುವುವು. ಒಪ್ಪಿಗೆಯಾದೊಡನೆ ಹಣವು ರೈತನ ಖಾತೆಗೆ ಹೊರಡುವುದು. ‘ಮುಂದಿನ ವಾರ’ ಎಂಬ ಮಾತಿಗೆ ಅಲ್ಲಿ ಎಡೆಯಿಲ್ಲ. ಪಟ್ಟಿಯಲ್ಲಿಲ್ಲದ ಕಡಿತವನ್ನು ಕರಾರು ಅರಿಯದಾದ್ದರಿಂದ ಬಿಳಿ ಚೀಟಿಗೂ ಎಡೆಯಿಲ್ಲ. ಇದು ನಿಜವಾದ ಲಾಭವೆಂಬುದನ್ನು ನಾನು ಒಪ್ಪುತ್ತೇನೆ. ವಾಯಿದೆ, ಕಡಿತ ಎಂಬ ಎರಡು ಬಾಗಿಲುಗಳನ್ನು ಈ ಸಾಧನವು ಚೆನ್ನಾಗಿ ಮುಚ್ಚಬಲ್ಲುದು.

ಆದರೆ ತೂಕ, ದರ್ಜೆ ಎಂಬ ಉಳಿದೆರಡು ಬಾಗಿಲುಗಳಲ್ಲಿ ಇದರ ಶಕ್ತಿ ನಿಂತುಹೋಗುವುದು. ಈ ಲೆಕ್ಕಕ್ಕೆ ಕಣ್ಣಿಲ್ಲ. ಚೀಲದಲ್ಲಿ ಏನಿದೆ, ತಕ್ಕಡಿ ಸರಿಯಿದೆಯೇ ಎಂಬುದು ಅದಕ್ಕೆ ತಿಳಿಯದು. ಹೊರಗಿನಿಂದ ಯಾರೋ ಹೇಳಿದುದನ್ನು ಅದು ನಂಬಲೇಬೇಕು. ತಂತ್ರಜ್ಞರು ಈ ಹೊರಗಿನ ಸಾಕ್ಷಿಯನ್ನು ಒರಾಕಲ್ ಎಂದು ಕರೆಯುತ್ತಾರೆ. ಮೇಲಿನ ಉದಾಹರಣೆಯಲ್ಲಿ ತಕ್ಕಡಿಯೇ ಚೀಲಕ್ಕೆ ೨ ಕಿಲೋಗ್ರಾಮು ಕಡಮೆ ತೋರಿಸುವುದಾದರೆ, ೫೦ ಕ್ವಿಂಟಾಲಿಗೆ ಬದಲಾಗಿ ೪೮ ಎಂದು ಬರೆಯಲ್ಪಡುವುದು. ೭೫,೦೦೦ ರೂಪಾಯಿಗೆ ಬದಲಾಗಿ ೭೨,೦೦೦ ರೂಪಾಯಿ ಕ್ಷಣಮಾತ್ರದಲ್ಲಿ ಬಂದು ಸೇರುವುದು. ನಾಲ್ಕು ಕಡೆಯ ನಾಲ್ಕು ಪ್ರತಿಗಳೂ ೪೮ ಎಂದೇ ಸಾಕ್ಷಿ ಹೇಳುವುವು. ಬಿಳಿ ಚೀಟಿಯನ್ನಾದರೂ ಸುಳ್ಳೆಂದು ವಾದಿಸಬಹುದಾಗಿತ್ತು. ಅಳಿಸಲಾಗದ ಲೆಕ್ಕವನ್ನು ಸುಳ್ಳೆಂದು ಹೇಳಹೊರಟ ಬಡರೈತನ ಮಾತನ್ನು ಯಾರು ಕೇಳುವರು? ಬದಲಾಗದ ಲೆಕ್ಕವು ಸರಿಯಾದ ತೂಕವನ್ನು ಕಾಪಾಡುವಂತೆಯೇ ಸುಳ್ಳು ತೂಕವನ್ನೂ ಕಾಪಾಡುವುದು. ಗುರುತಿನ ಕಲ್ಲನ್ನೇ ತಪ್ಪಾಗಿ ನೆಟ್ಟಿದ್ದರೆ ತೂಬು ಎಷ್ಟು ನಿಯತ್ತಾಗಿ ತೆರೆದರೇನು?

ಬರೆದ ಷರತ್ತಿನಲ್ಲಿಯೇ ತಪ್ಪು ಉಳಿದರೆ ಏನಾಗುವುದೆಂಬುದಕ್ಕೆ ೨೦೧೬ರ ಒಂದು ಪ್ರಸಂಗವು ಪಾಠವಾಗಿದೆ. ಎಥಿರಿಯಮ್ ಜಾಲದಲ್ಲಿ ಅನೇಕರು ಹಣ ಕೂಡಿಸಿ ಕಟ್ಟಿದ ದಿ ಡಾವ್ ಎಂಬ ಕೂಡುನಿಧಿಯ ಕರಾರಿನಲ್ಲಿ ಒಂದು ದೋಷವಿತ್ತು. ಆ ಜೂನ್ ತಿಂಗಳಲ್ಲಿ ಯಾರೋ ಅದನ್ನು ಕಂಡುಹಿಡಿದು ಸುಮಾರು ೩೬ ಲಕ್ಷ ಈಥರ್ ನಾಣ್ಯಗಳನ್ನು ಹೊರಕ್ಕೆ ಎಳೆದುಕೊಂಡರು. ಯಂತ್ರವು ಬರೆದಂತೆಯೇ ನಡೆಯಿತು; ಬರೆದವರ ಉದ್ದೇಶವನ್ನು ಅದು ಅರಿಯದು. ಕೊನೆಗೆ ಜಾಲದವರು ಚರ್ಚೆಮಾಡಿ ಲೆಕ್ಕವನ್ನೇ ಕವಲೊಡೆಸಿ ಸರಿಪಡಿಸಬೇಕಾಯಿತು. ದೊಡ್ಡ ಬಂಡವಾಳಗಾರರು ಅಂತಹ ತಿದ್ದುಪಡಿಯನ್ನು ಮಾಡಿಸಿಕೊಂಡಾರು. ನೂರು ಚೀಲ ಈರುಳ್ಳಿಯ ಒಡೆಯನಿಗಾಗಿ ಯಾರೂ ಲೆಕ್ಕವನ್ನು ಕವಲೊಡೆಸುವುದಿಲ್ಲ. ಆದಕಾರಣ ಅವನ ಕರಾರಿನಲ್ಲಿ ತಕರಾರಿಗೆ ಮೊದಲೇ ಸ್ಥಳವಿಟ್ಟಿರಬೇಕು.

ಈ ಪದ್ಧತಿಯು ಎಲ್ಲಿ ಫಲ ಕೊಡುವುದೆಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ಒಂದು ದೃಷ್ಟಾಂತವುಂಟು. ಬೆಂಗಳೂರಿನಲ್ಲಿ ಮುಖ್ಯ ಕಚೇರಿಯುಳ್ಳ ಕಾಫಿ ಮಂಡಳಿಯವರು ೨೦೧೯ರ ಮಾರ್ಚಿಯಲ್ಲಿ ಬ್ಲಾಕ್‌ಚೈನ್ ಆಧಾರದ ಕಾಫಿ ಮಾರುಕಟ್ಟೆಯೊಂದನ್ನು ಪ್ರಾಯೋಗಿಕವಾಗಿ ಪ್ರಾರಂಭಿಸಿದರು. ಬೆಳೆಗಾರನಿಗೂ ಕೊಳ್ಳುವವನಿಗೂ ನಡುವಣ ಕೈಗಳನ್ನು ಕಡಮೆಮಾಡುವುದೂ, ಬೀಜವು ಯಾವ ತೋಟದಿಂದ ಬಂದಿತೆಂಬುದನ್ನು ತೋರಿಸುವುದೂ ಅದರ ಉದ್ದೇಶವಾಗಿತ್ತು. ಕಾಫಿಯು ಈ ಕೆಲಸಕ್ಕೆ ತಕ್ಕ ಪದಾರ್ಥ. ಒಣಗಿಸಿದ ಬೀಜವು ತಿಂಗಳುಗಟ್ಟಲೆ ಕೆಡದೆ ಇರುವುದು. ಚೀಲಕ್ಕೆ ಮೊಹರು ಹಾಕಬಹುದು. ದರ್ಜೆಗೂ ರುಚಿಪರೀಕ್ಷೆಗೂ ಸ್ಥಿರವಾದ ಕ್ರಮಗಳುಂಟು. ಪರದೇಶದ ಗಿರಾಕಿಯು ತೋಟದ ಗುರುತನ್ನು ಕೇಳುತ್ತಾನೆ. ಯೂರೋಪಿನ ಒಕ್ಕೂಟವು ೨೦೨೩ರಲ್ಲಿ ಅರಣ್ಯನಾಶಕ್ಕೆ ಸಂಬಂಧಪಟ್ಟ ಕಾನೂನನ್ನು ಮಾಡಿ, ಕಾಫಿಯು ಬೆಳೆದ ಭೂಮಿಯ ಗುರುತನ್ನು ಒದಗಿಸಬೇಕೆಂದು ವಿಧಿಸಿದೆ. ಅದರ ಜಾರಿಯು ಒಂದಕ್ಕಿಂತ ಹೆಚ್ಚು ಸಲ ಮುಂದಕ್ಕೆ ಹೋಗಿದ್ದರೂ, ಗಿರಾಕಿಗಳ ದಿಕ್ಕು ಯಾವುದೆಂಬುದು ಇದರಿಂದ ತಿಳಿಯುವುದು.

ಈರುಳ್ಳಿಯ ಗುಣ ಬೇರೆ. ಅದು ದಾರಿಯಲ್ಲಿ ಒಣಗಿ ತೂಕ ಇಳಿಯುವುದು, ಮಳೆ ಬಿದ್ದರೆ ಕೊಳೆಯುವುದು. ಬೆಳಗ್ಗೆ ದಪ್ಪ ದರ್ಜೆಯೆಂದು ಬರೆದ ಚೀಲದಲ್ಲಿ ನಾಳೆ ಬೆಳಗ್ಗೆ ನಾಲ್ಕು ಕೊಳೆತ ಗಡ್ಡೆಗಳಿರಬಹುದು. ಇಳಿದ ತೂಕವು ಬಿಸಿಲಿನ ಕೆಲಸವೋ ಮನುಷ್ಯನ ಕೆಲಸವೋ ಎಂಬ ಪ್ರಶ್ನೆಯನ್ನು ಯಾವ ಸರಪಳಿಯೂ ತೀರ್ಮಾನಿಸದು. ಅಂದಮೇಲೆ ಕಾಫಿಗೆ ಹೊಂದಿದ ಕರಾರನ್ನು ಹಾಗೆಯೇ ತಂದು ಈರುಳ್ಳಿಗೆ ತೊಡಿಸಲಾಗದು.

ಹೊರದೇಶಗಳ ಅನುಭವವೂ ಇದನ್ನೇ ಹೇಳುತ್ತದೆ. ಅಮೆರಿಕದ ವಾಲ್‌ಮಾರ್ಟ್ ಎಂಬ ದೊಡ್ಡ ವ್ಯಾಪಾರ ಸಂಸ್ಥೆಯವರು ಹೆಚ್ಚಿದ ಮಾವಿನ ಹಣ್ಣಿನ ಒಂದು ಪೊಟ್ಟಣವು ಯಾವ ತೋಟದಿಂದ ಬಂತೆಂದು ಹುಡುಕಿಸಿದಾಗ ಸುಮಾರು ಏಳು ದಿನ ಹಿಡಿಯಿತು. ಐ.ಬಿ.ಎಂ. ಕಂಪೆನಿಯೊಡನೆ ಸೇರಿ ಬ್ಲಾಕ್‌ಚೈನಿನಲ್ಲಿ ಲೆಕ್ಕವಿಟ್ಟ ಮೇಲೆ ೨.೨ ಸೆಕೆಂಡುಗಳಲ್ಲಿ ಉತ್ತರ ದೊರೆಯಿತು. ಇದು ಮೆಚ್ಚತಕ್ಕ ಕೆಲಸವೇ. ಅಲ್ಲಿ ಒಬ್ಬ ಬಲಿಷ್ಠ ಗಿರಾಕಿಯು ತನಗೆ ಸರಕು ಕೊಡುವವರೆಲ್ಲರೂ ಒಂದೇ ಪುಸ್ತಕದಲ್ಲಿ ಬರೆಯುವಂತೆ ಮಾಡಬಲ್ಲವನಾಗಿದ್ದನು. ಅದೇ ಐ.ಬಿ.ಎಂ. ಕಂಪೆನಿಯೂ ಮೇರ್ಸ್ಕ್ ಹಡಗಿನ ಕಂಪೆನಿಯೂ ಕೂಡಿ ೨೦೧೮ರಲ್ಲಿ ತೆರೆದ ಟ್ರೇಡ್‌ಲೆನ್ಸ್ ಎಂಬ ಹಡಗು ಸರಕಿನ ಲೆಕ್ಕವನ್ನು ಮುಚ್ಚುವುದಾಗಿ ೨೦೨೨ರ ನವೆಂಬರಿನಲ್ಲಿ ಪ್ರಕಟಿಸಬೇಕಾಯಿತು. ಆ ವ್ಯಾಪಾರದಲ್ಲಿರುವವರೆಲ್ಲರೂ ಸಾಕಷ್ಟು ಸಹಕರಿಸದಿದ್ದುದೇ ಕಾರಣವೆಂದು ಅವರೇ ತಿಳಿಸಿದರು. ಪುಸ್ತಕವು ಎಷ್ಟು ಚೆನ್ನಾಗಿದ್ದರೂ ಅದರಲ್ಲಿ ಬರೆಯಲು ಎಲ್ಲರೂ ಕೂಡಿಬರದಿದ್ದರೆ ಪ್ರಯೋಜನವಿಲ್ಲ.

ಇಲ್ಲಿ ಮಂಡಿಯವರ ಪಕ್ಷವನ್ನೂ ನ್ಯಾಯವಾಗಿ ಹೇಳಬೇಕು. ಬಿತ್ತನೆಯ ಕಾಲದಲ್ಲಿ ಬೀಜ ಗೊಬ್ಬರಕ್ಕೆ, ಮನೆಯಲ್ಲಿ ಕಾಯಿಲೆಯಾದಾಗ ಆಸ್ಪತ್ರೆಗೆ, ಹೊತ್ತಲ್ಲದ ಹೊತ್ತಿನಲ್ಲಿ ಹಣ ಕೊಡುವವನು ಅನೇಕ ವೇಳೆ ದಲ್ಲಾಳಿಯೇ. ಬ್ಯಾಂಕು ಕೇಳುವ ಕಾಗದಗಳನ್ನು ಅವನು ಕೇಳುವುದಿಲ್ಲ. ಆ ಋಣದಿಂದಲೇ ರೈತನು ಅವನ ಮಂಡಿಗೆ ಕಟ್ಟುಬೀಳುವನು. ಆ ಋಣವೇ ಸೂಟನ್ನೂ ಬಿಳಿ ಚೀಟಿಯನ್ನೂ ಸಹಿಸುವಂತೆ ಮಾಡುವುದು. ಸಾಲದ ಈ ಅನುಕೂಲವನ್ನು ಬೇರೆ ರೀತಿಯಿಂದ ಒದಗಿಸದೆ ದಲ್ಲಾಳಿಯನ್ನು ಮಾತ್ರ ತೆಗೆಯಹೊರಟರೆ ರೈತನೇ ಹಿಂದಿನ ಬಾಗಿಲಿನಿಂದ ಅವನಲ್ಲಿಗೆ ಹೋಗುವನು. ಹಾಗೆಯೇ ಹಣವು ಖಾತೆಗೆ ಬಂದೊಡನೆ ಹಳೆಯ ಬೆಳೆಸಾಲಕ್ಕೆ ಜಮಾ ಆಗುವುದಾದರೆ, ಕೂಲಿಯವರಿಗೂ ಲಾರಿಯವನಿಗೂ ಅವನು ಏನು ಕೊಟ್ಟಾನು? ಕರಾರು ಬರೆಯುವವರು ಇದನ್ನು ಯೋಚಿಸಬೇಕು.

ಇನ್ನೊಂದು ಅಪಾಯವನ್ನು ಒತ್ತಿ ಹೇಳಬೇಕಾಗಿದೆ. ಈ ಪದ್ಧತಿಯಲ್ಲಿ ರುಜುವಿನ ಸ್ಥಾನದಲ್ಲಿ ಒಂದು ಗುಪ್ತವಾದ ಕೀಲಿಯು, ಎಂದರೆ ಉದ್ದವಾದ ಒಂದು ಸಂಖ್ಯೆಯು ಇರುವುದು. ಅದು ಯಾರ ಕೈಯಲ್ಲಿದೆಯೋ ಅವರೇ ಒಪ್ಪಿಗೆ ಕೊಡುವವರು. ಹಿಂದೆ ನಮ್ಮ ಹಿರಿಯರು ಬರಿಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಸಾಹುಕಾರನ ಕೈಗೆ ಕೊಡುತ್ತಿದ್ದರು. ಓದು ಬಾರದ ರೈತನ ಮೊಬೈಲನ್ನೂ ಕೀಲಿಯನ್ನೂ ಮತ್ತೊಬ್ಬನು ‘ನಾನೇ ನೋಡಿಕೊಳ್ಳುತ್ತೇನೆ’ ಎಂದು ಇಟ್ಟುಕೊಂಡರೆ ಅದು ಅದೇ ಹೆಬ್ಬೆಟ್ಟಿನ ಹೊಸ ರೂಪವಾಗುವುದು. ಮೊದಲಿನ ಕಾಗದವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವುದಕ್ಕೆ ಕಾಲವಾದರೂ ಇತ್ತು. ಇಲ್ಲಿ ಹಣವು ಆ ಕ್ಷಣವೇ ಹೊರಟುಹೋಗುವುದು.

ಹೀಗಿರುವಲ್ಲಿ ನಮ್ಮ ಕೃಷಿ ಮತ್ತು ಮಾರುಕಟ್ಟೆ ಇಲಾಖೆಗಳವರೂ, ರೈತ ಉತ್ಪಾದಕರ ಕಂಪೆನಿಗಳವರೂ ಈ ಕ್ರಮವನ್ನು ಅನುಸರಿಸುವುದು ಮೇಲೆಂದು ನನ್ನ ಅಭಿಪ್ರಾಯ:

೧. ಮೊದಲು ತಕ್ಕಡಿ. ೨೦೦೯ರ ಕಾನೂನು ಮಾಪನಶಾಸ್ತ್ರ ಶಾಸನದಂತೆ ಪರೀಕ್ಷಿಸಿ ಮುದ್ರೆಯೊತ್ತಿದ ಎಲೆಕ್ಟ್ರಾನಿಕ್ ತಕ್ಕಡಿಯು ರೈತರ ಸಂಘದ ವಶದಲ್ಲಿ ಊರಿನಲ್ಲಿಯೇ ಇರಬೇಕು. ಚೀಲವು ಊರು ಬಿಡುವುದಕ್ಕೆ ಮುಂಚೆ ರೈತನ ಕಣ್ಣೆದುರಿಗೆ ತೂಗಿದ ಅಂಕಿಯೇ ಕರಾರಿನ ಮೊದಲ ಅಂಕಿಯಾಗಬೇಕು.

೨. ಆಮೇಲೆ ದರ್ಜೆ. ಗಡ್ಡೆಯ ಗಾತ್ರವನ್ನು ಅಳೆಯುವ ಜರಡಿ, ನಾಲ್ಕಾರು ಚೀಲಗಳಿಂದ ತೆಗೆದ ಮಾದರಿ, ಅದರ ಛಾಯಾಚಿತ್ರ, ಇವು ಲೆಕ್ಕದೊಡನೆ ಸೇರಿರಬೇಕು. ದಾರಿಯಲ್ಲಿ ಒಣಗಿ ಇಳಿಯುವ ತೂಕಕ್ಕೆ ಎಷ್ಟು ಬಿಡಬೇಕೆಂಬುದನ್ನು ಮುಂಚೆಯೇ ನಿಗದಿಮಾಡಬೇಕು.

೩. ತಕರಾರು ಎದ್ದರೆ ಎಲ್ಲ ಹಣವನ್ನೂ ತಡೆಯಕೂಡದು. ತಕರಾರಿಲ್ಲದ ಭಾಗವು ಕೂಡಲೇ ಹೊರಡಬೇಕು. ಉಳಿದುದನ್ನು ಮಾರುಕಟ್ಟೆ ಸಮಿತಿಯ ಪಂಚಾಯ್ತರು ಗೊತ್ತಾದ ವೇಳೆಯೊಳಗೆ ತೀರ್ಮಾನಿಸಬೇಕು. ಕೊಳ್ಳುವವನು ಗಡುವಿನೊಳಗೆ ಬಾಯಿ ಬಿಡದಿದ್ದರೆ ಒಪ್ಪಿದಂತೆಯೇ ಎಣಿಸಬೇಕು.

೪. ಹಣವು ರೂಪಾಯಿಯಲ್ಲಿಯೇ, ಬ್ಯಾಂಕಿನ ಮೂಲಕವೇ ಸಂದಾಯವಾಗಬೇಕು. ಬಿಟ್‌ಕಾಯಿನ್ ಮುಂತಾದವು ನಮ್ಮ ದೇಶದಲ್ಲಿ ಶಾಸನಬದ್ಧ ನಾಣ್ಯಗಳಲ್ಲ. ಅವುಗಳ ಬೆಲೆಯೂ ದಿನಕ್ಕೊಂದು ಬಗೆ. ರಿಸರ್ವ್ ಬ್ಯಾಂಕಿನವರು ೨೦೨೨ರ ನವೆಂಬರಿನಲ್ಲಿ ಸಗಟು ವ್ಯವಹಾರಕ್ಕೂ ಡಿಸೆಂಬರಿನಲ್ಲಿ ಚಿಲ್ಲರೆ ವ್ಯವಹಾರಕ್ಕೂ ಪ್ರಯೋಗವಾಗಿ ತಂದ ಡಿಜಿಟಲ್ ರೂಪಾಯಿಯು ಮುಂದೆ ಈ ಕೆಲಸಕ್ಕೆ ಒದಗಬಹುದು.

೫. ಕರಾರಿನ ಪ್ರತಿಯೊಂದು ಷರತ್ತೂ ತಿಳಿಗನ್ನಡದಲ್ಲಿ ಅಚ್ಚಾಗಿ ರೈತನ ಕೈಯಲ್ಲಿರಬೇಕು. ೧೮೭೨ರ ಕರಾರಿನ ಕಾನೂನಿನಂತೆ ಸ್ವತಂತ್ರವಾದ ಒಪ್ಪಿಗೆಯೇ ಕರಾರಿನ ಪ್ರಾಣ. ೨೦೦೦ದ ಮಾಹಿತಿ ತಂತ್ರಜ್ಞಾನ ಶಾಸನವು ಕಂಪ್ಯೂಟರಿನ ಮೂಲಕ ಆದ ಕರಾರನ್ನು ಮಾನ್ಯಮಾಡಿದ್ದರೂ, ಅರ್ಥವಾಗದ ಬರಹಕ್ಕೆ ಕೊಟ್ಟ ಒಪ್ಪಿಗೆಯು ಒಪ್ಪಿಗೆಯೇ ಎಂಬ ಪ್ರಶ್ನೆ ಉಳಿದೇ ಇರುವುದು.

೬. ಕೀಲಿಯು ರೈತನದೇ ಆಗಿರಬೇಕು. ಕಳೆದುಹೋದರೆ ಸಂಘದ ಇಬ್ಬರು ಸದಸ್ಯರ ಸಾಕ್ಷಿಯಿಂದ ಹೊಸದನ್ನು ಕೊಡುವ ಏರ್ಪಾಡಿರಬೇಕು. ಮಂಡಿಯವರ ಕೈಗಾಗಲಿ, ಕೊಳ್ಳುವವನ ಕೈಗಾಗಲಿ ಅದು ಹೋಗಕೂಡದು.

ಇಷ್ಟೆಲ್ಲವನ್ನೂ ಮಾಡಿದ ಮೇಲೆ ಬ್ಲಾಕ್‌ಚೈನೇ ಬೇಕೆ, ಈಗಿರುವ ಮಾರುಕಟ್ಟೆ ವೇದಿಕೆಯ ಸಾಮಾನ್ಯ ಲೆಕ್ಕವೇ ಸಾಲದೆ ಎಂದು ಕೆಲವರು ಕೇಳಬಹುದು. ಇದು ನ್ಯಾಯವಾದ ಪ್ರಶ್ನೆ. ಎಲ್ಲರೂ ನಂಬುವ ಒಬ್ಬ ಲೆಕ್ಕದವನು ಇರುವಲ್ಲಿ ಸಾಮಾನ್ಯ ಪುಸ್ತಕವೇ ಸಾಕು. ಅದು ಅಗ್ಗವೂ ಹೌದು. ಒಬ್ಬರನ್ನೊಬ್ಬರು ನಂಬದ ಹಲವರು ಒಂದೇ ಲೆಕ್ಕವನ್ನು ಹಂಚಿಕೊಳ್ಳಬೇಕಾದಲ್ಲಿ ಸರಪಳಿಯ ಲೆಕ್ಕವು ತನ್ನ ವೆಚ್ಚಕ್ಕೆ ತಕ್ಕ ಫಲವನ್ನು ಕೊಡುವುದು. ಯಲ್ಲದಕೆರೆಯ ಸಂಘ, ಬೆಂಗಳೂರಿನ ವರ್ತಕ, ಲಾರಿಯ ಒಡೆಯ, ಬ್ಯಾಂಕು, ಇವರ ನಡುವೆ ಅಂತಹ ಸಂದರ್ಭವುಂಟೆಂದು ನನಗೆ ತೋರುತ್ತದೆ. ಆದಕಾರಣ ಒಂದು ಹೋಬಳಿಯಲ್ಲಿ, ಒಂದು ಬೆಳೆಗೆ, ಒಂದು ಸುಗ್ಗಿಯ ಮಟ್ಟಿಗೆ ಪರೀಕ್ಷೆಮಾಡಿ ನೋಡುವುದು ಯೋಗ್ಯ. ಆ ಪರೀಕ್ಷೆಯಲ್ಲಿ ಅಳೆಯಬೇಕಾದುದು ಯಂತ್ರದ ವೇಗವನ್ನಲ್ಲ. ಸುಗ್ಗಿಯ ಕೊನೆಗೆ ರೈತನ ಕೈಗೆ ಎಷ್ಟು ರೂಪಾಯಿ ಹೆಚ್ಚಾಗಿ, ಎಷ್ಟು ದಿನ ಮುಂಚಿತವಾಗಿ ಸೇರಿತೆಂಬುದನ್ನು.

ನೀರಗಂಟಿಯಿಲ್ಲದ ತೂಬು ನಿಷ್ಪಕ್ಷಪಾತವಾದುದು ನಿಜ. ಆದರೆ ಕೊನೆಯ ಗದ್ದೆಗೆ ನೀರು ಮುಟ್ಟಿತೇ ಎಂದು ಅದು ನಡೆದುಹೋಗಿ ನೋಡುವುದಿಲ್ಲ. ಆ ನೋಡುವ ಕೆಲಸವು ಮನುಷ್ಯರದು. ರೈತಬಾಂಧವರು ಹೊಸ ಸಾಧನವನ್ನು ಕಂಡು ಬೆದರಬೇಕಾಗಿಲ್ಲ. ಅದರ ಹೆಸರಿಗೆ ಮರುಳಾಗಬೇಕಾಗಿಯೂ ಇಲ್ಲ. ಯಾರಾದರೂ ಇಂತಹ ಕರಾರನ್ನು ತಂದು ಮುಂದಿಟ್ಟಾಗ, ‘ತಕ್ಕಡಿ ಯಾರದು? ದರ್ಜೆ ಹೇಳುವವರು ಯಾರು? ಕೀಲಿ ಯಾರ ಕೈಯಲ್ಲಿ? ತಕರಾರು ಬಂದರೆ ಕೇಳುವವರು ಯಾರು?’ ಎಂಬ ನಾಲ್ಕು ಪ್ರಶ್ನೆಗಳನ್ನು ಮೊದಲು ಕೇಳಲಿ. ಈ ನಾಲ್ಕಕ್ಕೂ ಸರಿಯಾದ ಉತ್ತರ ಬಂದರೆ ಮಾತ್ರ ಒಪ್ಪಿಗೆ ಕೊಡಲಿ ಎಂದು ನನ್ನ ಬಿನ್ನಹ.